ನೆಲದ ತಂಪು, ದತ್ತಾಂಶದ ಹಂಚಿಕೆ: ಪೇಟೆಂಟ್ ಬರಹಗಳ ಒಂದು ವಿಮರ್ಶೆ

ಪೇಟೆಂಟ್ ಎಂಬುದು ಸರಕಾರ ಕೊಡುವ ಬಹುಮಾನವಲ್ಲ, ಅದೊಂದು ಕರಾರು. ಉಪಜ್ಞೆಕಾರನು ತನ್ನ ಉಪಜ್ಞೆಯ ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಸಮಾಜವು ಅವನಿಗೆ 20 ವರ್ಷಗಳ ಏಕಸ್ವಾಮ್ಯವನ್ನು ಕೊಡುತ್ತದೆ. ಈ ಬರಹ ಹೇಗಿರಬೇಕೆಂಬುದನ್ನು ಭಾರತದ 1970ರ ಪೇಟೆಂಟ್ ಕಾಯಿದೆಯ 10ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಉಪಜ್ಞೆಯನ್ನೂ ಅದನ್ನು ಕಾರ್ಯಗತಗೊಳಿಸುವ ವಿಧಾನವನ್ನೂ ಪೂರ್ಣವಾಗಿ ವಿವರಿಸಬೇಕು. ಅರ್ಜಿದಾರನಿಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ಬಚ್ಚಿಡಬಾರದು. ಹೀಗಿರುವಾಗ ಪೇಟೆಂಟ್ ದಾಖಲೆಯನ್ನು ಒಂದು ವೈಜ್ಞಾನಿಕ ಬರಹವೆಂದೇ ಭಾವಿಸಿ ವಿಮರ್ಶಿಸುವುದು ನ್ಯಾಯ. ಆದರೆ ನಮ್ಮಲ್ಲಿ ಪೇಟೆಂಟುಗಳನ್ನು ಎಣಿಸುವವರು ಬಹಳ, ಓದುವವರು ವಿರಳ.

ಎಣಿಕೆಯ ಭರಾಟೆ ಈಗ ಕಾಲೇಜುಗಳಿಗೂ ಬಂದಿದೆ. 2023-24ರಲ್ಲಿ ಭಾರತದ ಪೇಟೆಂಟ್ ಕಚೇರಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟುಗಳನ್ನು ನೀಡಿತು. ವಿದ್ಯಾಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕಪಟ್ಟಿಯಲ್ಲಿ ಪೇಟೆಂಟುಗಳಿಗೆ ಅಂಕಗಳಿವೆ. ನೀಡಿಕೆಯಾದವಕ್ಕಷ್ಟೇ ಅಲ್ಲ, ಪ್ರಕಟವಾದವಕ್ಕೂ ಉಂಟು. ಪ್ರಕಟಣೆ ಎಂದರೇನು? ಅರ್ಜಿ ಸಲ್ಲಿಸಿದ 18 ತಿಂಗಳ ನಂತರ ಕಚೇರಿಯು ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತದೆ, ಅಷ್ಟೆ. ಶುಲ್ಕ ಕಟ್ಟಿ ಕೇಳಿಕೊಂಡರೆ ಇನ್ನೂ ಬೇಗ. ಆ ಹೊತ್ತಿಗೆ ಯಾವ ಪರೀಕ್ಷಕನೂ ಅದರ ಹೊಸತನವನ್ನು ಪರಿಶೀಲಿಸಿರಬೇಕಾಗಿಲ್ಲ. ‘ನಮ್ಮ ವಿಭಾಗದ ಪೇಟೆಂಟ್ ಪ್ರಕಟವಾಗಿದೆ’ ಎಂಬ ಫಲಕವನ್ನು ಕಂಡ ವಿದ್ಯಾರ್ಥಿ, ಒಳಗಿನ ವಿಜ್ಞಾನ ಸರಿಯಿದೆಯೆಂದು ಯಾರೋ ಒಪ್ಪಿದ್ದಾರೆಂದು ತಿಳಿದರೆ ತಪ್ಪು ಅವನದಲ್ಲ.

ಬೆಂಗಳೂರಿನ ಹೊರವಲಯಕ್ಕೆ ನೇರವಾಗಿ ಸಂಬಂಧಿಸಿದ ಎರಡು ವಿಷಯಗಳನ್ನು ತೆಗೆದುಕೊಂಡು ಇಂಥ ಬರಹಗಳನ್ನು ಪರಿಶೀಲಿಸೋಣ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳು ದತ್ತಾಂಶವನ್ನು ಹಂಚಿಕೊಳ್ಳುತ್ತವೆ. ಹಾಗೆ ದುಡಿಯುವಾಗ ಬಿಸಿಯಾಗುತ್ತವೆ. ಆ ಬಿಸಿಯನ್ನು ಹೊರಹಾಕಲು ಹವಾನಿಯಂತ್ರಣ ಬೇಕು. ಈ ಬಿಸಿಯನ್ನು ನೆಲದೊಳಕ್ಕೆ ಸಾಗಿಸುವುದು ಒಂದು ವಿಷಯ, ದತ್ತಾಂಶದ ಹಂಚಿಕೆ ಇನ್ನೊಂದು. ಎರಡರಲ್ಲೂ ಪೇಟೆಂಟುಗಳಿಗೆ ಬರವಿಲ್ಲ.

ನೆಲದ ತಂಪು ಹೊಸ ವಿಚಾರವಲ್ಲ. ನೆಲದ ಉಷ್ಣವನ್ನು ಉಷ್ಣ ಪಂಪಿನಿಂದ ಮೇಲೆತ್ತುವ ಯೋಚನೆಗೆ ಸ್ವಿಟ್ಸರ್ಲೆಂಡಿನ ಹೈನ್ರಿಖ್ ಜೋಲಿ 1912ರಲ್ಲೇ ಪೇಟೆಂಟ್ ಪಡೆದಿದ್ದ. ಹರಿಯಾಣದ ಗುವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆ 2000ದ ಸುಮಾರಿಗೆ ಕಟ್ಟಿದ ತರಬೇತಿ ಕೇಂದ್ರದಲ್ಲಿ, ಸುಮಾರು 4 ಮೀಟರ್ ಆಳದ ಕೊಳವೆಗಳಲ್ಲಿ ಗಾಳಿಯನ್ನು ಹಾಯಿಸಿ ಕೋಣೆಗಳನ್ನು ತಂಪಾಗಿಸಲಾಗುತ್ತದೆ. ಆದುದರಿಂದ ‘ನೆಲದಲ್ಲಿ ಹೂತ ಕೊಳವೆ, ಅದಕ್ಕೊಂದು ಫ್ಯಾನು, ಮೇಲೊಂದು ಸಂವೇದಕ’ ಎಂಬಷ್ಟನ್ನೇ ಹಕ್ಕೆಂದು ಕೇಳುವ ಅರ್ಜಿಗೆ ನಮ್ಮ ಕಾಯಿದೆಯ 3(ಎಫ್) ಕಲಂ ಅಡ್ಡ ಬರುತ್ತದೆ. ಗೊತ್ತಿರುವ ಸಾಧನಗಳು ಗೊತ್ತಿರುವ ರೀತಿಯಲ್ಲೇ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದರೆ ಅವುಗಳ ಜೋಡಣೆಯನ್ನಷ್ಟೇ ಉಪಜ್ಞೆ ಎನ್ನಲಾಗದು.

ಕಾನೂನಿಗಿಂತ ಇಲ್ಲಿ ಭೌತವಿಜ್ಞಾನ ಹೆಚ್ಚು ಸ್ವಾರಸ್ಯಕರ. ನೆಲದ ಮೇಲ್ಮೈಯ ಉಷ್ಣತೆ ವರ್ಷವಿಡೀ ಏರಿಳಿಯುತ್ತದೆ. ಆಳಕ್ಕೆ ಹೋದಂತೆ ಈ ಏರಿಳಿತ ಕುಗ್ಗುತ್ತದೆ. ಮಣ್ಣಿನ ಉಷ್ಣ ವಿಸರಣಾಂಕವನ್ನು ಸೆಕೆಂಡಿಗೆ 0.6 ಚದರ ಮಿಲಿಮೀಟರ್ ಎಂದು ಹಿಡಿದರೆ, ವಾರ್ಷಿಕ ಏರಿಳಿತವು ಸುಮಾರು ಎರಡೂವರೆ ಮೀಟರ್ ಆಳದಲ್ಲಿ ಮೂರನೇ ಒಂದು ಭಾಗಕ್ಕೂ, 4 ಮೀಟರಿನಲ್ಲಿ ಐದನೇ ಒಂದು ಭಾಗಕ್ಕೂ ಇಳಿಯುತ್ತದೆ. ಪಿ.ಯು. ತರಗತಿಯ ಗಣಿತ ಬಲ್ಲವರು ಇದನ್ನು ಲೆಕ್ಕ ಹಾಕಿ ನೋಡಬಹುದು. ಅಷ್ಟು ಆಳದಲ್ಲಿ ಉಳಿಯುವುದು ಹೆಚ್ಚುಕಡಿಮೆ ಆ ಊರಿನ ವಾರ್ಷಿಕ ಸರಾಸರಿ ಉಷ್ಣತೆ. ದೆಹಲಿಗೂ ಬೆಂಗಳೂರಿಗೂ ಅದು ಸುಮಾರು 24-25 ಡಿಗ್ರಿ ಸೆಲ್ಸಿಯಸ್!

ಹಾಗಾದರೆ ಗುವಾಲ್ ಪಹಾಡಿಯ ವಿಧಾನವನ್ನು ವೈಟ್‌ಫೀಲ್ಡಿಗೆ ಹಾಗೆಯೇ ತರಬಹುದೆ? ತರಬಹುದು, ಲಾಭ ಮಾತ್ರ ಅಷ್ಟಿರದು. ಉತ್ತರದ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇರುವಾಗ ನೆಲದ 25 ಡಿಗ್ರಿ ದೊಡ್ಡ ವರ. ಅಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಸುಮಾರು 34 ಡಿಗ್ರಿ; ಆದರೆ ಅದೇ ದಿನ ಬೆಳಗಿನ ಜಾವ 22ರ ಆಸುಪಾಸು. ಅಂದರೆ 4 ಮೀಟರ್ ಅಗೆದು ಪಡೆಯುವ ತಂಪಿಗಿಂತ ಹೆಚ್ಚಿನ ತಂಪು ರಾತ್ರಿ ಕಿಟಕಿ ತೆರೆದರೆ ಪುಕ್ಕಟೆಯಾಗಿ ಸಿಗುತ್ತದೆ. ದಪ್ಪ ಗೋಡೆಗಳಿದ್ದರೆ ಅದು ಮರುದಿನ ಮಧ್ಯಾಹ್ನದವರೆಗೂ ನಿಲ್ಲುತ್ತದೆ. (ಕಿಟಕಿಗಳನ್ನೇ ತೆರೆಯಲಾಗದ ಗಾಜಿನ ಪೆಟ್ಟಿಗೆಗಳನ್ನು ಮೊದಲು ಕಟ್ಟಿ, ಆಮೇಲೆ ನೆಲ ಅಗೆಯುವ ಉಪಜ್ಞೆಗೆ ಹೊರಡುವುದನ್ನು ಏನೆನ್ನೋಣ?) ನೆಲದ ತಂಪಿನ ಪೇಟೆಂಟ್ ಬರಹವೊಂದು ಯಾವ ಊರಿನ, ಯಾವ ಮಣ್ಣಿನ, ಎಷ್ಟು ತೇವದ ನೆಲದಲ್ಲಿ, ಎಷ್ಟು ಉದ್ದದ ಕೊಳವೆಯಲ್ಲಿ, ಗಾಳಿಯ ಯಾವ ವೇಗದಲ್ಲಿ ಅಳೆದು ನೋಡಲಾಯಿತೆಂದು ಹೇಳದಿದ್ದರೆ ಅದು ಏನನ್ನೂ ಕಲಿಸಿದಂತಾಗಲಿಲ್ಲ.

ಸರ್ವರ್ ಕೋಣೆಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕೊರೆದ ರಂಧ್ರದಲ್ಲಿ ಕೊಳವೆ ಇಳಿಸಿ ನೀರು ಸುತ್ತಿಸಿದರೆ, ಒಂದು ಮೀಟರ್ ಆಳಕ್ಕೆ ಸುಮಾರು 50 ವಾಟ್ ಉಷ್ಣವನ್ನು ನೆಲಕ್ಕೆ ಬಿಡಬಹುದೆಂದು ಎಂಜಿನಿಯರುಗಳು ಸ್ಥೂಲವಾಗಿ ಹಿಡಿಯುತ್ತಾರೆ. 5 ಕಿಲೋವಾಟ್‌ನ ಒಂದು ಸರ್ವರ್ ಬೀರುವಿಗೆ 100 ಮೀಟರ್ ಬೇಕು. ಅಂಥ ನೂರು ಬೀರುಗಳಿಗೆ 10 ಕಿಲೋಮೀಟರ್. ಬೆಂಗಳೂರಿನ ಮಣ್ಣಿನ ಕೆಳಗಿರುವುದು ಗಟ್ಟಿ ನೈಸ್ ಶಿಲೆ, ಲಾಲ್‌ಬಾಗಿನ ಬಂಡೆಯ ಜಾತಿಯದು. ಉಷ್ಣ ವಹನಕ್ಕೆ ಒಳ್ಳೆಯದು, ಕೊರೆಯುವವನ ಜೇಬಿಗೆ ಕೆಟ್ಟದ್ದು. ಅದಕ್ಕಿಂತ ಮುಖ್ಯವಾಗಿ, ಸರ್ವರ್ ವರ್ಷದ 365 ದಿನವೂ ಉಷ್ಣವನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಯೂರೋಪಿನ ಮನೆಗಳು ಬೇಸಿಗೆಯಲ್ಲಿ ನೆಲಕ್ಕೆ ಕೊಟ್ಟ ಬಿಸಿಯನ್ನು ಚಳಿಗಾಲದಲ್ಲಿ ಹಿಂದಕ್ಕೆ ಪಡೆಯುತ್ತವೆ. ಇಲ್ಲಿ ಹಿಂದಕ್ಕೆ ಪಡೆಯುವವರಿಲ್ಲ. ವರ್ಷದಿಂದ ವರ್ಷಕ್ಕೆ ಕೊಳವೆಯ ಸುತ್ತಲಿನ ಬಂಡೆಯೇ ಬಿಸಿಯಾಗುತ್ತಾ ಹೋಗುತ್ತದೆ. ಈ ಸಂಚಯನದ ಲೆಕ್ಕವಿಲ್ಲದೆ ನೆಲವನ್ನು ಅಕ್ಷಯ ತಂಪಿನ ಕಣಜವೆಂದು ವರ್ಣಿಸುವ ಬರಹವನ್ನು ಒಪ್ಪಲಾಗದು. ಪೀಣ್ಯದಲ್ಲಾದರೆ ಇನ್ನೊಂದು ಪ್ರಶ್ನೆಯೂ ಇದೆ. ಅಲ್ಲಿನ ಅಂತರ್ಜಲದಲ್ಲಿ ಲೋಹಲೇಪನ ಘಟಕಗಳಿಂದ ಬಂದ ಕ್ರೋಮಿಯಂ ಇದೆ. ಬಾವಿಯ ನೀರನ್ನೇ ಮೇಲೆತ್ತಿ, ಯಂತ್ರವನ್ನು ತಂಪಾಗಿಸಿ ಮತ್ತೆ ನೆಲಕ್ಕೆ ಬಿಡುವ ಉಪಾಯಗಳು ಈ ಮಲಿನ ನೀರನ್ನು ಎಲ್ಲಿಂದೆಲ್ಲಿಗೆ ಸಾಗಿಸುತ್ತವೆಂದು ಹೇಳಲೇಬೇಕು.

ನೆಲವನ್ನಾದರೂ ಅಳೆಯಬಹುದು. ದತ್ತಾಂಶ ಹಂಚಿಕೆಯ ಪೇಟೆಂಟುಗಳಲ್ಲಿ ತೊಂದರೆ ಭಾಷೆಯದು. ಒಂದು ಪ್ರಸಿದ್ಧ ವ್ಯಾಜ್ಯವನ್ನು ನೋಡೋಣ. ಒಂದು ಕಂಪ್ಯೂಟರಿನ ಕಡತಗಳನ್ನು ಜಾಲದ ಮೂಲಕ ಇನ್ನೊಂದು ಕಂಪ್ಯೂಟರ್ ತನ್ನದೇ ಎಂಬಂತೆ ಬಳಸುವ ಎನ್.ಎಫ್.ಎಸ್. ಎಂಬ ವಿಧಾನವನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿ, ಅದರ ನಿಯಮಗಳನ್ನು ಬಹಿರಂಗಪಡಿಸಿತು. 1989ರಲ್ಲಿ ಅವು ಅಂತರಜಾಲದ ಮುಕ್ತ ದಾಖಲೆಗಳ ಸಾಲಿಗೆ ಸೇರಿದವು. 1992ರಲ್ಲಿ ಹುಟ್ಟಿದ ನೆಟ್‌ಆಪ್ ಕಂಪನಿ ಇದೇ ವಿಧಾನದಲ್ಲಿ ಕಡತಗಳನ್ನು ಒದಗಿಸುವ ಪೆಟ್ಟಿಗೆಗಳನ್ನು ಮಾರಿ ಬೆಳೆಯಿತು. ವೈಟ್‌ಫೀಲ್ಡಿನಲ್ಲೂ ಅದಕ್ಕೆ ದೊಡ್ಡ ಕೇಂದ್ರವಿದೆ. 2007ರಲ್ಲಿ ಅದೇ ನೆಟ್‌ಆಪ್, ಸನ್‌ನ ಜೆಡ್.ಎಫ್.ಎಸ್. ಎಂಬ ಕಡತ ವ್ಯವಸ್ಥೆಯು ತನ್ನ ಪೇಟೆಂಟುಗಳನ್ನು ಉಲ್ಲಂಘಿಸಿದೆಯೆಂದು ಅಮೆರಿಕದಲ್ಲಿ ದಾವೆ ಹೂಡಿತು. ಸನ್ ಪ್ರತಿದಾವೆ ಹೂಡಿತು. ಸನ್ ಅನ್ನು ಕೊಂಡ ಒರೇಕಲ್‌ನೊಡನೆ 2010ರಲ್ಲಿ ರಾಜಿಯಾಯಿತು.

ಜಗಳದ ಒಂದು ಮುಖ್ಯ ಎಳೆ ಇಷ್ಟು: ಡಿಸ್ಕಿನಲ್ಲಿ ಹಳೆಯ ದತ್ತಾಂಶದ ಮೇಲೆಯೇ ಬರೆಯದೆ, ಹೊಸದನ್ನು ಖಾಲಿ ಜಾಗದಲ್ಲಿ ಬರೆದು ಕೊನೆಗೆ ಸೂಚಿಯನ್ನು ಮಾತ್ರ ಬದಲಿಸುವುದು. ನಡುವೆ ವಿದ್ಯುತ್ತು ಹೋದರೂ ಹಳೆಯದು ಹಾಗೇ ಇರುತ್ತದೆ. ಅಂಗಡಿಯ ಶೆಟ್ಟರು ಖಾತೆ ಪುಸ್ತಕದಲ್ಲಿ ಹಳೆಯ ಲೆಕ್ಕವನ್ನು ಅಳಿಸದೆ ಹೊಸ ಹಾಳೆಯಲ್ಲಿ ಬರೆದು, ಮೊದಲ ಪುಟದ ಹಾಳೆ ಸಂಖ್ಯೆಯನ್ನು ತಿದ್ದಿದಂತೆ. ಇದನ್ನು ವೇಗವಾಗಿ, ತಪ್ಪಿಲ್ಲದೆ ಕಂಪ್ಯೂಟರಿನಲ್ಲಿ ನಡೆಸುವುದು ನಿಜವಾದ ಸಾಧನೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಏಕಸ್ವಾಮ್ಯ ಕೇಳಬೇಕಾದದ್ದು ಆ ಸಾಧನೆಯ ವಿವರಕ್ಕೋ ಖಾತೆ ಪುಸ್ತಕದ ಉಪಾಯಕ್ಕೋ?

ಭಾರತದ ಕಾಯಿದೆ ಇಲ್ಲಿ ಎಚ್ಚರ ವಹಿಸಿದೆ. 2002ರ ತಿದ್ದುಪಡಿಯಲ್ಲಿ ಬಂದ 3(ಕೆ) ಕಲಂ ಪ್ರಕಾರ ಕಂಪ್ಯೂಟರ್ ಕ್ರಮವಿಧಿ ತನ್ನಷ್ಟಕ್ಕೆ ಉಪಜ್ಞೆಯಲ್ಲ. ಗಣಿತ ವಿಧಾನವೂ ಅಲ್ಲ. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಇದನ್ನು ಸಡಿಲಿಸಹೊರಟಿತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟಿತು. ಇದರ ಪರಿಣಾಮ ಅರ್ಜಿಗಳ ಭಾಷೆಯ ಮೇಲಾಗಿದೆ. ಒಂದು ಗಣನವಿಧಿಯನ್ನು ಹೇಳುವ ಮುನ್ನ ‘ಒಂದು ಸಂಸ್ಕಾರಕ ಮತ್ತು ಅದಕ್ಕೆ ಜೋಡಿಸಿದ ಸ್ಮೃತಿಕೋಶವುಳ್ಳ ವ್ಯವಸ್ಥೆ’ ಎಂದು ಆರಂಭಿಸುವುದು ರೂಢಿ. ಯಂತ್ರದ ವೇಷ ತೊಡಿಸಿದ ಕ್ರಮವಿಧಿ ಅದು. ಓದುಗ ಈ ವೇಷವನ್ನು ಸರಿಸಿ, ಒಳಗೆ ಉಳಿಯುವುದೇನೆಂದು ನೋಡಬೇಕು.

ಇದಕ್ಕೆ ಹೋಲಿಸಿ ನೋಡಲು ನಮ್ಮ ಊರಿನದೇ ಸಿಂಪ್ಯೂಟರ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ 2001ರಲ್ಲಿ ಹೊರತಂದ ಈ ಕೈಗಣಕದಲ್ಲಿ ದತ್ತಾಂಶದ ಹಂಚಿಕೆಗೆ ಸರಳ ಉತ್ತರವಿತ್ತು: ಯಂತ್ರ ಹಳ್ಳಿಗೊಂದು, ಮಾಹಿತಿ ಮಾತ್ರ ಪ್ರತಿಯೊಬ್ಬನ ಸ್ಮಾರ್ಟ್ ಕಾರ್ಡಿನಲ್ಲಿ. ಯಂತ್ರಾಂಶದ ವಿನ್ಯಾಸವನ್ನು ಸಿಂಪ್ಯೂಟರ್ ಟ್ರಸ್ಟ್ ಬಹಿರಂಗ ಪರವಾನಗಿಯಡಿ ಕೊಟ್ಟಿತು. ಸುಧಾರಿಸಿ ಮಾರುವವನು ಒಂದು ವರ್ಷ ಅದರ ಲಾಭ ಪಡೆದು, ಆಮೇಲೆ ತನ್ನ ಸುಧಾರಣೆಯ ವಿವರವನ್ನು ಟ್ರಸ್ಟಿಗೆ ಒಪ್ಪಿಸಬೇಕಿತ್ತು. ಇಪ್ಪತ್ತರ ಬದಲು ಒಂದು! ಪೀಣ್ಯಕ್ಕೆ ಹತ್ತಿರದ ಜಾಲಹಳ್ಳಿಯ ಬಿ.ಇ.ಎಲ್. ಸಹಯೋಗದಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ 2004ರಲ್ಲಿ ಅದು ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಇಳಿಯಲಿಲ್ಲ, ಮೊಬೈಲ್ ಫೋನು ಬಂತು. ಮುಕ್ತ ಪರವಾನಗಿಯೇ ಸೋಲಿಗೆ ಕಾರಣವೆನ್ನಲು ಆಧಾರವಿಲ್ಲ.

ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪ್ರಕಟಿತ ಅರ್ಜಿಗಳನ್ನು ಯಾರೂ ಉಚಿತವಾಗಿ ಓದಬಹುದು. ಕರ್ನಾಟಕದವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ತರಗತಿಯಲ್ಲಿ ಒಂದು ಅರ್ಜಿಯನ್ನು ಕೊಟ್ಟು, ಇದರ ಆಧಾರದ ಮೇಲಷ್ಟೇ ಸಾಧನವನ್ನು ಕಟ್ಟಬಲ್ಲಿರಾ ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಕಟ್ಟಲಾಗದಿದ್ದರೆ, ಅಥವಾ ಅದು ಹಳೆಯ ಪಠ್ಯಪುಸ್ತಕದಲ್ಲೇ ಸಿಕ್ಕರೆ, 25(1)ನೇ ಕಲಂ ಪ್ರಕಾರ ಪೇಟೆಂಟ್ ನೀಡುವ ಮುನ್ನ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಈ ಆಕ್ಷೇಪಣೆ ಮೊದಲು ಶುಲ್ಕರಹಿತವಾಗಿತ್ತು. 2024ರ ಮಾರ್ಚಿನ ನಿಯಮಗಳು ಅದಕ್ಕೂ ಶುಲ್ಕ ವಿಧಿಸಿವೆ.