ಈಡು ಮತ್ತು ಈಡಾದವರು: ಗುಂಡಿನ ವರದಿ ಬರೆಯುವವರು ಯಾರು?

ನಾನು ಮಾತಾಡಲು ಹೊರಟಿರೋದು ಗುಂಡಿನ ಪರೀಕ್ಷೆ ಬಗ್ಗೆ. ಸಾಹಿತ್ಯದ ಸೆಮಿನಾರಿನಲ್ಲಿ ಇದ್ಯಾಕೆ ಅನ್ನಿಸಬಹುದು. ನಮ್ಮ ಪಕ್ಕದ ಜವಳಗಿರಿ ಕಾಡಿನ ಶಿಕಾರಿ ಕಥೆಯನ್ನು ಓದೋಕೆ ಇದೊಂದು ದಾರಿ ಅನ್ನೋದು ನನ್ನ ವಾದ.

ಅಮೆರಿಕದಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡವರಲ್ಲಿ ಕೆಲವರು ಗುಂಡುಗಳನ್ನು ತಾವೇ ಪರೀಕ್ಷಿಸುತ್ತಾರೆ. ನೀರಿನ ಕ್ಯಾನುಗಳಿಗೆ, ಒದ್ದೆ ಕಾಗದದ ಕಟ್ಟಿಗೆ, ಜೆಲಟಿನ್ ಗಟ್ಟಿಗೆ ಹೊಡೆದು, ಗುಂಡು ಎಷ್ಟು ಆಳ ಹೋಯ್ತು, ತುದಿ ಎಷ್ಟು ಅರಳಿತು ಅಂತ ಅಳೀತಾರೆ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಎಫ್‌ಬಿಐ ರೂಪಿಸಿದ ಮಾನದಂಡವೇ ಇವರಿಗೂ ಮಾದರಿ: ಜೆಲಟಿನ್‌ನಲ್ಲಿ 12ರಿಂದ 18 ಇಂಚು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪಿಸ್ತೂಲಿಗೂ ಗುಂಡಿಗೂ ಪರವಾನಗಿ ಬೇಕು. ಹಿತ್ತಲ ಪರೀಕ್ಷೆ ನಮಗೆ ಪರಿಚಿತ ಹವ್ಯಾಸವಲ್ಲ.

ಈ ಪರೀಕ್ಷೆ ವ್ಯರ್ಥ ಅಂತ ನಾನು ಹೇಳ್ತಿಲ್ಲ. ದಪ್ಪ ಬಟ್ಟೆ ತೂರಿ ಹೋಗುವಾಗ ಟೊಳ್ಳು ತುದಿಯ ಗುಂಡು ಕಟ್ಟಿಕೊಂಡು ಅರಳದೇ ಹೋಗಬಹುದು ಅನ್ನೋದು ಇದರಿಂದ ಗೊತ್ತಾಗುತ್ತೆ. ಆದರೆ ಜೆಲಟಿನ್‌ಗೆ ಎಲುಬಿಲ್ಲ, ಅದು ಓಡಲ್ಲ, ಅದಕ್ಕೆ ನಾಳೆ ಅನ್ನೋದಿಲ್ಲ. ಶಿಕಾರಿ ಕಥೆ ಶುರುವಾಗೋದೇ ಆ ನಾಳೆಯಿಂದ.

ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತ್ ಹೆಣ್ಣುಹುಲಿಯ ಕೋರೆಹಲ್ಲುಗಳು ಹಿಂದಿನ ಯಾವುದೋ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಆಡಲಾಗದೆ ಅದು ನರಭಕ್ಷಕವಾಯಿತು ಅಂತ ಕಾರ್ಬೆಟ್ ಬರೀತಾರೆ. ಅದರ ಲೆಕ್ಕಕ್ಕೆ ಸೇರಿದ ಸಾವುಗಳು 436. ಗುರಿ ತಪ್ಪಿದ ಒಂದು ಗುಂಡಿನ ಪರಿಣಾಮವನ್ನು ಇಂಚುಗಳಲ್ಲಿ ಅಳೆಯೋಕಾಗಲ್ಲ, ಊರುಗಳಲ್ಲಿ ಅಳೀಬೇಕು.

ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರ ತಮ್ಮ ಮೊದಲ ಪುಸ್ತಕದಲ್ಲೇ ಜವಳಗಿರಿಯ ಹೆಣ್ಣುಹುಲಿಯ ಕಥೆ ಹೇಳಿದರು. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಆದರೂ ಆ ಕಥೆಯಲ್ಲಿ ಹುಲಿಯನ್ನು ಹತ್ತಿರ ತರೋದು ಕೋವಿಯಲ್ಲ, ಗಂಡುಹುಲಿಯ ಕೂಗನ್ನು ಅನುಕರಿಸುವ ಆಂಡರ್ಸನ್ನರ ಗಂಟಲು. ಅವರ ಕಥೆಗಳನ್ನು ತೇಜಸ್ವಿ 'ಕಾಡಿನ ಕತೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು.

ಇಲ್ಲಿ ನನ್ನ ತಕರಾರು ಒಂದಿದೆ. ಹಿತ್ತಲ ಪರೀಕ್ಷೆಯಲ್ಲೂ ಶಿಕಾರಿ ಕಥೆಯಲ್ಲೂ ಗುಂಡು ಹೊಡೆದವನೇ ವರದಿಗಾರ. ಪ್ರಾಣಿಗಳು ನರಭಕ್ಷಕವಾಗಲು ಕಾರಣ ಹೇಳುವಾಗ ಇಂಥ ಕಥನ ಹಳ್ಳಿಯವರ ನಾಡಕೋವಿಯ ಕಡೆ ಬೇಗ ಬೆರಳು ತೋರಿಸುತ್ತೆ. ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ರಾಗಿ ಹೊಲದಲ್ಲಿ ರಾತ್ರಿಯಿಡೀ ಆನೆ, ಹಂದಿ ಕಾಯುವವರನ್ನು ನಾವೆಲ್ಲ ಬಲ್ಲೆವು. ಮದ್ದು, ಚರೆ ತುಂಬಿದ ಆ ಕೋವಿಗೆ ಬೆಳೆ ಉಳಿಸುವ ಅನಿವಾರ್ಯ ಇತ್ತು. ಸಾಹೇಬರ ರೈಫಲಿಗೆ ಎಷ್ಟೋ ಸಲ ಹವ್ಯಾಸವೇ ಸಾಕಿತ್ತು. ಎರಡೂ ಪ್ರಾಣಿಯನ್ನು ಗಾಯಗೊಳಿಸಬಲ್ಲವು. ಆದರೆ ಪುಸ್ತಕ ಬರೆದದ್ದು ಒಂದೇ ಕಡೆಯವರು.

ಕನ್ನಡದ 'ಈಡು' ಶಬ್ದ ನೋಡಿ. ಈಡು ಅಂದ್ರೆ ಹೊಡೆತ, ಹೊಡೆಯುವವನು ಈಡುಗಾರ. 'ಈಡಾಗು' ಅಂದಕೂಡಲೇ ನಾವು ಗುಂಡು ತಗುಲಿದವರ ಕಡೆ ಬಂದು ನಿಲ್ತೀವಿ. ಜೆಲಟಿನ್‌ನ ಅಳತೆ ಈಡುಗಾರನ ಭಾಷೆ. ಶಿಕಾರಿ ಕಥೆ ತನ್ನ ಒಳ್ಳೆಯ ಗಳಿಗೆಗಳಲ್ಲಿ ಈಡಾದವರ ಕಡೆ ಹೊರಳುತ್ತೆ, ಹೆಚ್ಚಿನ ಸಲ ಪ್ರಾಣಿಯ ಕಡೆ ಮಾತ್ರ. ಹೊಲ ಕಾಯುವವರ ಕಡೆಗೂ ಅದು ಹೊರಳಬೇಕಾದರೆ ಆ ಕಥೆಯನ್ನು ಈ ಗಡಿ ಭಾಗದ ಕನ್ನಡದಲ್ಲೇ ಯಾರಾದರೂ ಬರೀಬೇಕು. ಚರ್ಚೆಗೆ ನಾನು ಮುಂದಿಡುವ ಮಾತು ಇಷ್ಟು.