ಪಿಸ್ಟನ್ ಇಲ್ಲದ ಚೆಲುವೆ

ಅಮೆರಿಕದಲ್ಲಿ ಆಗಷ್ಟೇ ಲೈಸೆನ್ಸ್ ಪಡೆದ, ಜೇಬಲ್ಲಿ ಹೆಚ್ಚು ಕಾಸಿಲ್ಲದ ಹುಡುಗರು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕೂಪೆ ಹುಡುಕಿದರೆ ಎದುರಾಗುವ ಹಳೇ ಜೋಡಿ: ನಿಸ್ಸಾನ್ 350ಝಡ್, ಮಾಜ್ದಾ ಆರ್‌ಎಕ್ಸ್-8. ನಿಸ್ಸಾನ್‌ದು 3.5 ಲೀಟರಿನ ವಿ6, ಎರಡೇ ಸೀಟು, ದಂಡಿಯಾಗಿ ಬಲ. ಅದರ ಬಗ್ಗೆ ಇಷ್ಟು ಸಾಕು.

ಮಾಜ್ದಾದ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಉಬ್ಬಿದ ತ್ರಿಕೋನದಂಥ ಎರಡು ರೋಟರ್‌ಗಳು ಒಳಗೆ ಗಿರಗಿರನೆ ತಿರುಗುತ್ತವೆ. ಬರೀ 1.3 ಲೀಟರ್, ಆದರೂ 6 ಗೇರಿನ ಮ್ಯಾನುಯಲ್ ಕಾರಿನಲ್ಲಿ ಆರ್‌ಪಿಎಂ ಮುಳ್ಳು 9000ದ ತನಕ ನಡುಕವಿಲ್ಲದೆ ಏರುತ್ತದೆ. ಈ ಪುಟ್ಟ ಎಂಜಿನ್ ಮುಂದಿನ ಆಕ್ಸಲ್‌ನ ಹಿಂದೆ ಕೂತಿರುವುದರಿಂದ ತಿರುವಿನಲ್ಲಿ ಕಾರಿನ ಮೂತಿ ಥಟ್ಟನೆ ಹೊರಳುತ್ತದೆ. ಹಿಂದಿನ ಗಿಡ್ಡ ಬಾಗಿಲುಗಳು ಹಿಮ್ಮುಖವಾಗಿ ತೆರೆದು ಇನ್ನಿಬ್ಬರು ಗೆಳೆಯರನ್ನೂ ಕರೆದುಕೊಳ್ಳುತ್ತವೆ.

ಹಟವೂ ಉಂಟು. ರೋಟರ್‌ಗಳ ಸೀಲುಗಳು ಸವೆಯದಿರಲೆಂದು ಎಂಜಿನ್ ಆಯಿಲನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದು ರೋಗವಲ್ಲ, ವಿನ್ಯಾಸವೇ ಹಾಗೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಏಳದೆ ಮುನಿಯಬಹುದು. ಮೈಲೇಜ್? ಕೇಳಲೇಬೇಡಿ.

ದಿನಾ ಕೆಲಸಕ್ಕೆ ಹೋಗಲು ಇರುವುದು ಒಂದೇ ಕಾರು ಅಂತಾದರೆ ನಿಸ್ಸಾನ್ ತಗೊಳ್ಳಿ. ನನ್ನ ಓಟು ಮಾತ್ರ ಮಾಜ್ದಾಗೆ. ದುಡ್ಡು ಕೊಡುವ ಮುಂಚೆ ರೋಟರಿ ಬಲ್ಲವರಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮಾಮೂಲಿ ಗೇಜು ಇದಕ್ಕೆ ಸಾಲದು.