ಗುಡಿಯ ಬಿಂದು, ಊರಿನ ಎಲ್ಲೆ: ಸಾಂದ್ರತಾ ನಕಾಶೆಗಳ ತೌಲನಿಕ ಬಳಕೆ

ಜಾನಪದ ಅಧ್ಯಯನಕ್ಕೆ ನಕಾಶೆ ಹೊಸತಲ್ಲ. ಕಥೆಗಳ ಪ್ರಸರಣವನ್ನು ಶೋಧಿಸಿದ ಫಿನ್ನಿಷ್ ಪಂಥದ ವಿದ್ವಾಂಸರು ಭೂಗೋಳವನ್ನೇ ತಮ್ಮ ವಿಧಾನದ ಆಧಾರವಾಗಿಸಿಕೊಂಡಿದ್ದರು. ಇಂದು ಜಿಐಎಸ್ ತಂತ್ರಾಂಶಗಳು ಒದಗಿಸುವ ಕರ್ನೆಲ್ ಸಾಂದ್ರತಾ ನಕಾಶೆ ಆ ಕೆಲಸವನ್ನು ಸುಲಭಗೊಳಿಸಿದೆ. ಪ್ರತಿಯೊಂದು ಬಿಂದುವಿನ ಪ್ರಭಾವವನ್ನು ನಿಗದಿತ ತ್ರಿಜ್ಯದೊಳಗೆ ಹರಡಿ, ದೂರ ಹೆಚ್ಚಿದಂತೆ ತಗ್ಗಿಸಿ, ಎಲ್ಲವನ್ನೂ ಕೂಡಿಸುವುದು ಅದರ ಕ್ರಮ. ಎರಡು ಅಂಶಗಳನ್ನು ಹೀಗೆ ಹೋಲಿಸುವಾಗ ಎದುರಾಗುವ ತೊಡಕುಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ದಕ್ಷಿಣ ಬೆಂಗಳೂರಿನ ಪದ್ಮನಾಭನಗರದ ಪರಿಸರ ಇದಕ್ಕೆ ತಕ್ಕ ನಿದರ್ಶನ. ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಉತ್ತರಹಳ್ಳಿಗಳಂಥ ಹಳೆಯ ಗ್ರಾಮಗಳ ನಡುವೆ ಇಲ್ಲಿಯ ಬಡಾವಣೆಗಳು ಬೆಳೆದಿವೆ. ಗ್ರಾಮದೇವತೆಯ ಗುಡಿಗಳನ್ನು ಒಂದು ಅಂಶವೆಂದೂ ಬಡಾವಣೆಗಳೊಂದಿಗೆ ಬಂದ ದೇವಾಲಯಗಳನ್ನು ಮತ್ತೊಂದು ಅಂಶವೆಂದೂ ಇಟ್ಟುಕೊಳ್ಳೋಣ. ತ್ರಿಜ್ಯವನ್ನು ಸಂಶೋಧಕರು ಸೂಚಿಸದಿದ್ದರೆ, ಆರ್ಕ್‌ಜಿಐಎಸ್ ತಂತ್ರಾಂಶವು ಸಿಲ್ವರ್‌ಮನ್ನರ ಹೆಸರಿನ ಸೂತ್ರದಂತೆ ಬಿಂದುಗಳ ಸಂಖ್ಯೆ ಮತ್ತು ಚದುರುವಿಕೆಯಿಂದ ಅದನ್ನು ತಾನೇ ಲೆಕ್ಕಹಾಕುತ್ತದೆ. ಗುಡಿಗಳು 8, ದೇವಾಲಯಗಳು 80 ಎಂದು ಊಹಿಸಿದರೆ, ಚದುರುವಿಕೆ ಸಮಾನವಾಗಿದ್ದರೂ ಗುಡಿಗಳ ತ್ರಿಜ್ಯ ಸುಮಾರು 1.6 ಪಟ್ಟು ದೊಡ್ಡದಾಗುತ್ತದೆ. ಒಂದು ನಕಾಶೆ ಮಸುಕಾಗಿ ಹರಡುತ್ತದೆ, ಇನ್ನೊಂದು ಮೊನಚಾಗುತ್ತದೆ. ಬಣ್ಣದ ಶ್ರೇಣಿಗಳೂ ಬೇರೆಬೇರೆಯಾದರೆ ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಅರ್ಥವೇ ಉಳಿಯದು. ಆದುದರಿಂದ ತ್ರಿಜ್ಯ, ಕೋಶದ ಗಾತ್ರ, ಶ್ರೇಣಿಗಳು ಎರಡಕ್ಕೂ ಒಂದೇ ಆಗಿರಬೇಕು. ಪ್ರತಿ ನಕಾಶೆಯ ಮೌಲ್ಯಗಳನ್ನು ಅದರ ಒಟ್ಟು ಬಿಂದುಗಳ ಸಂಖ್ಯೆಯಿಂದ ಭಾಗಿಸಿದ ಬಳಿಕವೇ ಹೋಲಿಸಬೇಕು.

ಇಷ್ಟು ಮಾಡಿದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಗ್ರಾಮದೇವತೆ ಸಾಮಾನ್ಯವಾಗಿ ಊರಿಗೊಬ್ಬಳು. ಆಕೆಯ ಗುಡಿಗಳ ಸಾಂದ್ರತೆ ವಾಸ್ತವದಲ್ಲಿ ಅಳೆಯುವುದು ಹಳ್ಳಿಗಳ ನಡುವಣ ಅಂತರವನ್ನು. ಬಡಾವಣೆಯ ದೇವಾಲಯಗಳಾದರೋ ಮನೆಗಳು ಹೆಚ್ಚಿದಂತೆ ಹೆಚ್ಚುತ್ತವೆ. ಹೀಗಿರುವಾಗ ಗುಡಿಗಳ ನಕಾಶೆಯ ತಿಳಿಬಣ್ಣವನ್ನು ನಂಬಿಕೆಯ ಕ್ಷಯವೆಂದು ಓದುವುದು ಅವಸರದ ತೀರ್ಮಾನ. ಒಂದೇ ಗುಡಿಗೆ ಇಡೀ ಊರು ನಡೆದುಕೊಳ್ಳುತ್ತದೆ ಎಂಬ ಸಂಗತಿ ಬಿಂದುಗಳ ಎಣಿಕೆಗೆ ದಕ್ಕುವುದಿಲ್ಲ.

ಅಲ್ಲದೆ ಕರ್ನೆಲ್‌ಗೆ ಗೊತ್ತಿರುವುದು ದೂರ ಮಾತ್ರ. ಜನಪದರಿಗೆ ಗೊತ್ತಿರುವುದು ಎಲ್ಲೆ. ಮಾರಿಯನ್ನು ಗಡಿ ದಾಟಿಸುವ ಆಚರಣೆಯಲ್ಲಿ ದೇವತೆಯ ರಕ್ಷಣೆ ಊರ ಎಲ್ಲೆಯವರೆಗೆ ಪೂರ್ಣವಾಗಿರುತ್ತದೆ, ಅದರಾಚೆ ಇಲ್ಲವಾಗುತ್ತದೆ. ಅದು ಕೇಂದ್ರದಿಂದ ಕ್ರಮೇಣ ಇಳಿಯುವ ಪ್ರಭಾವವಲ್ಲ. ಬಡಾವಣೆಗಳು ಈ ಎಲ್ಲೆಗಳನ್ನು ಕಣ್ಣಿಗೆ ಕಾಣದಂತೆ ಮಾಡಿದ ಮೇಲೆ, ನಮ್ಮ ನಕಾಶೆಗಳೂ ಅವನ್ನು ಅಳಿಸುವುದು ಸಲ್ಲದು. ಹಳೆಯ ಗ್ರಾಮನಕಾಶೆಗಳ ಗಡಿಗಳನ್ನೂ ಹಿರಿಯರು ಹೇಳುವ ಮೆರವಣಿಗೆಯ ದಾರಿಗಳನ್ನೂ ಸಾಂದ್ರತೆಯ ಪದರದ ಮೇಲೆ ಗುರುತಿಸಬೇಕು. ಆಗ ಮಾತ್ರ ಈ ತಂತ್ರ ಕ್ಷೇತ್ರಕಾರ್ಯಕ್ಕೆ ಪೂರಕವಾದೀತು. ಅದರ ಸ್ಥಾನವನ್ನು ಅದು ತುಂಬಲಾರದು.